ಶನಿವಾರ ಸಿಕ್ಕ ಶನಿ

18 ಜನವರಿ 2025, ಶನಿವಾರ

ಕತ್ತಲಾಗುತ್ತಲೇ ಪಡುವಣದಲ್ಲಿ ಶುಕ್ರ ಝಗಝಗ ಹೊಳೆಯುತ್ತಿದ್ದ. ಕೈ ಚಾಚಿ ಹೆಬ್ಬೆರಳು ಹಿಡಿದರೆ ಎಷ್ಟಗಲವೋ ಅಷ್ಟೇ ದೂರದಲ್ಲಿ, ಮಂಕಾಗಿ, ಶನಿ. ಹುಡುಕಲು ಇದಕ್ಕಿಂತ ಸುಲಭದ ಗುರುತು ಬೇಕೇ ಎಂದು ಟೆಲಿಸ್ಕೋಪ್ ಹೊತ್ತು ತಾರಸಿ ಹತ್ತಿದೆ.

ಹತ್ತಿ ಮುಕ್ಕಾಲು ಗಂಟೆ ಹಾಳು ಮಾಡಿಕೊಂಡೆ. ಫೈಂಡರಿನ (ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದುರ್ಬೀನು) ಗೆರೆಗಳು ಕೂಡುವಲ್ಲಿ ಶುಕ್ರ ಸರಿಯಾಗಿ ಕೂತಿದ್ದಾನೆ, ಐಪೀಸಿಗೆ, ಅಂದರೆ ಟೆಲಿಸ್ಕೋಪಿನ ಕಣ್ಣಿಡುವ ಮಸೂರಕ್ಕೆ, ಕಣ್ಣಿಟ್ಟರೆ ಬರೀ ಕತ್ತಲು. ಫೈಂಡರ್ ನೋಡುವುದು ಒಂದು ಕಡೆ, ಕೊಳವೆ ನೋಡುವುದು ಇನ್ನೊಂದು ಕಡೆ. ಹಗಲಲ್ಲೇ ದೂರದ ಕಂಬದ ತುದಿಗೆ ಗುರಿಯಿಟ್ಟು ಎರಡನ್ನೂ ಹೊಂದಿಸಿಕೊಳ್ಳಬೇಕು (ಸೂರ್ಯನತ್ತ ಮಾತ್ರ ತಿರುಗಿಸಕೂಡದು). ಪ್ರತಿ ಸಲ ಅಂದುಕೊಳ್ಳುತ್ತೇನೆ, ಪ್ರತಿ ಸಲ ಮರೆಯುತ್ತೇನೆ.

ಕೊನೆಗೆ ಕಡಿಮೆ ಹಿಗ್ಗಿಸಿ ಹೆಚ್ಚು ಅಗಲ ತೋರುವ 25 ಮಿ.ಮೀ. ಐಪೀಸ್ ಹಾಕಿ ಕೊಳವೆಯನ್ನೇ ಮೆಲ್ಲಗೆ ಅತ್ತಿತ್ತ ಆಡಿಸಿದೆ. ಶುಕ್ರ ಸಿಕ್ಕ! ಚುಕ್ಕಿಯಲ್ಲ, ಪುಟಾಣಿ ಅರ್ಧಚಂದ್ರ. ಅವನು ಜಾರಿಹೋಗುವ ಮೊದಲೇ ಫೈಂಡರಿನ ತಿರುಪು ತಿರುಗಿಸಿ ಗೆರೆಗೆ ತಂದೆ. ಆಮೇಲೆ ಶನಿಗೆ ಅರೆ ನಿಮಿಷವೂ ಹಿಡಿಯಲಿಲ್ಲ.

ಆದರೆ ಅಷ್ಟರಲ್ಲಿ ಅವನು ದಿಗಂತದತ್ತ ಕೆಳಗಿಳಿದಿದ್ದ. ಹೆಚ್ಚು ಹಿಗ್ಗಿಸುವ 10 ಮಿ.ಮೀ. ಐಪೀಸಿನಲ್ಲಿ ಬಿಂಬ ನೀರಿನಡಿಯ ಕಲ್ಲಿನಂತೆ ನಡುಗುತ್ತಿತ್ತು. ಕಣ್ಣು ತೆಗೆಯದೆ ಕಾದೆ. ಗಾಳಿ ಒಮ್ಮೊಮ್ಮೆ ಅಲುಗದೆ ಸುಮ್ಮನಾದಾಗ ಕಂಡದ್ದು: ಹಳದಿ ಮಣಿ, ಅದಕ್ಕೆ ಅಡ್ಡಲಾಗಿ ಚುಚ್ಚಿದ ಸೂಜಿ. ಉಂಗುರ ಈಗ ಇಷ್ಟೇ. ಬರುವ ಮಾರ್ಚ್ 23ರಂದು ಭೂಮಿ ಉಂಗುರಗಳ ಸಮತಲವನ್ನು ದಾಟುತ್ತದೆ, ಆಗ ಅವುಗಳ ತೆಳು ಅಂಚು ಮಾತ್ರ ನಮ್ಮ ಕಡೆಗಿದ್ದು ಉಂಗುರವೇ ಕಾಣದಂತಾಗುತ್ತದೆ. ಹಿಂದೆ ಹೀಗಾದದ್ದು 2009ರಲ್ಲಿ. ಶನಿ ಆ ಹೊತ್ತಿಗೆ ಸೂರ್ಯನ ಮಗ್ಗುಲಲ್ಲೇ ಇರುವುದರಿಂದ ನೋಡುವ ಆಸೆ ಬಿಡಬೇಕು. 1610ರಲ್ಲಿ ಗೆಲಿಲಿಯೋಗೆ ಶನಿಯ ಎರಡೂ ಪಕ್ಕ ಏನೋ ಕಂಡಿತ್ತು. 1612ರಲ್ಲಿ ನೋಡಿದರೆ ಮಾಯ! ಅದು ಉಂಗುರ ಎಂದು ಡಚ್ ವಿಜ್ಞಾನಿ ಹೈಗೆನ್ಸ್ ಬಿಡಿಸಿ ಹೇಳಿದ್ದು 1659ರಲ್ಲಿ. ಇವತ್ತಿನ ಸೂಜಿ ನೋಡಿದ ಮೇಲೆ ಗೆಲಿಲಿಯೋನ ಪೇಚಾಟಕ್ಕೆ ನಗು ಬರುತ್ತಿಲ್ಲ.

ರೋಹಿಣಿಯ ಹತ್ತಿರ ಗುರು, ಒಂದೇ ಗೆರೆಯಲ್ಲಿ ಅವನ ಚಂದ್ರರು. ಭೂಮಿ ತಿರುಗುವ ವೇಗಕ್ಕೆ ಎರಡು ನಿಮಿಷಕ್ಕೊಮ್ಮೆ ನೋಟದಿಂದಾಚೆ ಓಡುತ್ತಿದ್ದ, ಕೊಳವೆ ದೂಡುತ್ತಲೇ ಇರಬೇಕು. ಮೊನ್ನೆ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ಬದಿಯಲ್ಲಿದ್ದ ಮಂಗಳ ಪುನರ್ವಸುವಿನ ಜೋಡಿ ತಾರೆಗಳ ಬಳಿ. ಕಣ್ಣಿಗೆ ಕೆಂಡ, ಐಪೀಸಿನಲ್ಲಿ ಕಿತ್ತಳೆ ಬಣ್ಣದ ಸಾಸಿವೆ.

ಚಂದ್ರ ಹುಟ್ಟಿದ ಮೇಲೆ ಎಲ್ಲ ಕಟ್ಟಿಕೊಂಡು ಇಳಿದೆ. ಮೆಟ್ಟಿಲ ತಿರುವಿನಲ್ಲಿ ಫೈಂಡರ್ ಗೋಡೆಗೆ ಟಣ್ ಎಂದು ಬಡಿಯಿತು.