ಎರಡು ಆರ್‌ಡಿಗಳ ನಡುವೆ

"ಅಕ್ಕಾ, ಸ್ಕಾಲರ್‌ಶಿಪ್ ನಂಬಿಕೊಂಡು ಡಯಟಿಷಿಯನ್ ಆಗಬಹುದಾ?"

ವಾರಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಜಾಸ್ತಿ ಮಂದಿ ಪಿಯುಸಿ ಸೈನ್ಸ್ ಮುಗಿಸಿ, ನೀಟ್‌ನಲ್ಲಿ ಅಂಕ ಸಾಲದೆ, ಮುಂದೇನು ಅಂತ ಕೂತಿರುವ ಹುಡುಗಿಯರು. ಒಮ್ಮೊಮ್ಮೆ ಅವರ ಅಪ್ಪಂದಿರು. ಫೋನಿನಲ್ಲಿ ತುಂಡು ತುಂಡಾಗಿ ಹೇಳಿ ಸಾಕಾಗಿದೆ. ಇವತ್ತು ಭಾನುವಾರ, ಡ್ಯೂಟಿ ಇಲ್ಲ, ಕೂತು ಬರೆದುಬಿಡುತ್ತೇನೆ.

ಆಗಬಹುದು. ನಾನೇ ಆಗಿದ್ದೇನೆ, ಆಸ್ಪತ್ರೆಯಲ್ಲಿ ರೋಗಿಗಳ ಊಟ ಹೇಗಿರಬೇಕು ಅಂತ ಹೇಳುವ ಕೆಲಸ. ಆದರೆ ನಡುವೆ ಒಂದು ಆರು ತಿಂಗಳಿದೆ, ಅಲ್ಲಿ ಯಾವ ಸ್ಕಾಲರ್‌ಶಿಪ್ಪೂ ಇರುವುದಿಲ್ಲ. ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಮ್ಮೂರು ಹಾವೇರಿ ಜಿಲ್ಲೆಯ ಹಳ್ಳಿ. ಅಪ್ಪನಿಗೆ ಎರಡು ಎಕರೆ ಗೋವಿನಜೋಳದ ಹೊಲ. ಅವ್ವ ಅಂಗನವಾಡಿ ಸಹಾಯಕಿ. ಬಿಎಸ್‌ಸಿಯಲ್ಲಿ ನ್ಯೂಟ್ರಿಷನ್ ತಗೋತೀನಿ ಅಂದಾಗ ಅವ್ವ ಒಲೆ ಮುಂದಿಂದ ತಿರುಗಿ ನೋಡಿದಳು. "ಅಲ್ಲವ್ವಾ, ನಾನೂ ದಿನಾ ಮೊಟ್ಟಿ ಕುದಿಸಿ ಹಂಚತೀನಿ. ನೀನೂ ಅದನ್ನ ಓದಾಕ ಹೊಂಟಿಯೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋರ್ಸಿನ ಬಗ್ಗೆ ಅವಳಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು.

ನನ್ನ ಬಾಳಿನ ಮೊದಲ ಆರ್‌ಡಿ ಅಂದರೆ ನಾಡಕಚೇರಿಯ ಆರ್‌ಡಿ ನಂಬರ್. ಜಾತಿ ಪ್ರಮಾಣಪತ್ರದ ಮೇಲೊಂದು, ಆದಾಯ ಪ್ರಮಾಣಪತ್ರದ ಮೇಲೊಂದು. ಸ್ಕಾಲರ್‌ಶಿಪ್‌ಗೆ ನಮ್ಮ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದವರಿಗೆ ಗೊತ್ತು, ಆ ನಂಬರ್ ಇಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲು ಆಗಲ್ಲ. ಅರ್ಜಿ ಕೊನೇ ದಿನದ ಹಿಂದಿನ ಸಂಜೆ ಸೈಬರ್ ಸೆಂಟರ್‌ನಲ್ಲಿ ಸಾಲು ನಿಂತು, ಆಧಾರ್‌ನಲ್ಲಿ ನನ್ನ ಹೆಸರಿನ ಒಂದು ಅಕ್ಷರ ಹೆಚ್ಚಿದೆ ಅಂತ ವಾಪಸ್ ಬಂದ ಕಥೆ ಬೇಡ ಬಿಡಿ. ಎಲ್ಲರ ಮನೆಯಲ್ಲೂ ಇದೆ ಅದು.

ನನಗೆ ಬಂದದ್ದು ವಿದ್ಯಾಸಿರಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ-ವಸತಿಗೆ ಆಗ ತಿಂಗಳಿಗೆ 1,500 ರೂಪಾಯಿ, 10 ತಿಂಗಳು. ಅಂದರೆ ವರ್ಷಕ್ಕೆ 15,000. ಕಡಿಮೆ ಅಲ್ವಾ ಅನ್ನಬೇಡಿ. ನಾಲ್ಕು ಜನ ಹುಡುಗಿಯರು ಸೇರಿ ಒಂದು ರೂಮು ಮಾಡಿ, ಊರಿಂದ ಜೋಳದ ಹಿಟ್ಟು, ಶೇಂಗಾ ಚಟ್ನಿ ತರಿಸಿಕೊಂಡರೆ ಅದರಲ್ಲಿ ಬಾಡಿಗೆ ದಾಟುತ್ತದೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ಕೇಂದ್ರದ ಯೋಜನೆಯಲ್ಲಿ ಮನೆಯ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ. ಪಿಯುಸಿಯಲ್ಲಿ ಒಳ್ಳೆ ಅಂಕ ಬಂದಿದ್ದು ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ನೋಡಿ, ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000. ಸರ್ಕಾರಿ ಶಾಲೆ-ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ವರ್ಷಕ್ಕೆ 30,000 ಕೊಡುತ್ತಿದ್ದಾರೆ. ನನ್ನ ಕಾಲಕ್ಕೆ ಅದಿರಲಿಲ್ಲ. ಇದ್ದಿದ್ದರೆ ಅಷ್ಟೊಂದು ಶೇಂಗಾ ಚಟ್ನಿ ತಿನ್ನುತ್ತಿರಲಿಲ್ಲ.

ಒಂದು ದಾರಿ ಮಾತ್ರ ಹಳ್ಳಿ ಮಕ್ಕಳಿಗೆ ಯಾರೂ ತೋರಿಸುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಕಾಲೇಜಿದೆ, ಹಿಂದೆ ಗೃಹ ವಿಜ್ಞಾನ ಅನ್ನುತ್ತಿದ್ದರು. ಆಹಾರ, ಪೋಷಣೆ ಅಲ್ಲಿನ ದೊಡ್ಡ ವಿಷಯ. ಕೃಷಿ ವಿಶ್ವವಿದ್ಯಾಲಯಗಳ ಈ ಕೋರ್ಸ್‌ಗಳಿಗೆ ಸಿಯುಇಟಿ ಪರೀಕ್ಷೆ ಬರೆದು ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಕೋಟಾದಲ್ಲಿ ಬೇರೆ ರಾಜ್ಯಕ್ಕೆ ಓದಲು ಹೋದರೆ ನ್ಯಾಷನಲ್ ಟ್ಯಾಲೆಂಟ್ ಸ್ಕಾಲರ್‌ಶಿಪ್ ಸಿಗುತ್ತದೆ. ಸ್ವಂತ ರಾಜ್ಯದಲ್ಲೇ ಓದಿದರೆ ಇಲ್ಲ. "ಹೆಣ್ಣುಮಗು, ಹೊರ ರಾಜ್ಯಕ್ಕೆ ಬೇಡ" ಅನ್ನುವ ಅಪ್ಪಂದಿರಿಗೆ ನಾನು ಹೇಳುವುದು ಇಷ್ಟೇ: ಹೋಗಿ ಒಮ್ಮೆ ಅಲ್ಲಿನ ಕ್ಯಾಂಪಸ್ ನೋಡಿ ಬನ್ನಿ, ಆಮೇಲೆ ಮಾತಾಡೋಣ.

ಈಗ ಆ ಆರು ತಿಂಗಳಿಗೆ ಬರುತ್ತೇನೆ.

ಎರಡನೇ ಆರ್‌ಡಿ ಅಂದರೆ ರಿಜಿಸ್ಟರ್ಡ್ ಡಯಟಿಷಿಯನ್. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದವರಿಗೆ ಸಿಗುವ ಹೆಸರು. ಆನ್‌ಲೈನ್‌ನಲ್ಲಿ ಒಂದು ವಾರದ ಕೋರ್ಸ್ ಮಾಡಿ ನ್ಯೂಟ್ರಿಷನಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರು ಈಗ ಓಣಿಗೊಬ್ಬರಿದ್ದಾರೆ. ಹಾಗಾಗಿ ಒಳ್ಳೆ ಆಸ್ಪತ್ರೆಗಳು ಆರ್‌ಡಿ ಇದೆಯಾ ಅಂತ ಮೊದಲು ಕೇಳುತ್ತವೆ. ಎಂಎಸ್‌ಸಿ ಮುಗಿಸಿ ಆ ಪರೀಕ್ಷೆಗೆ ಕೂರಬೇಕು ಅಂದರೆ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು.

ಆ ಹೊತ್ತಿಗೆ ಕೋರ್ಸ್ ಮುಗಿದಿರುತ್ತದೆ. ಪೋರ್ಟಲ್ ಲೆಕ್ಕದಲ್ಲಿ ನೀವು ವಿದ್ಯಾರ್ಥಿ ಅಲ್ಲ. ಆಸ್ಪತ್ರೆ ಲೆಕ್ಕದಲ್ಲಿ ನೌಕರಳೂ ಅಲ್ಲ. ನಾನು ಮೊದಲು ಹೋದ ಆಸ್ಪತ್ರೆಯಲ್ಲಿ ಸ್ಟೈಪೆಂಡ್ ಇಲ್ಲ ಅಂದರು, ಸರಿ. ಆಮೇಲೆ ತರಬೇತಿ ಶುಲ್ಕ ಅಂತ 12,000 ಕಟ್ಟಲು ಹೇಳಿದರು. ಕೆಲಸ ನಾನು ಮಾಡಬೇಕು, ದುಡ್ಡೂ ನಾನೇ ಕೊಡಬೇಕು! ನನ್ನ ಜೊತೆ ಮೈಸೂರಲ್ಲಿ ಎಂಎಸ್‌ಸಿ ಮಾಡಿದವರಲ್ಲಿ ಚೆನ್ನಾಗಿ ಓದುತ್ತಿದ್ದ ಇಬ್ಬರು ಈ ಹಂತದಲ್ಲೇ ನಿಂತುಬಿಟ್ಟರು. ಒಬ್ಬಳು ಊರಲ್ಲಿ ಪಿಯುಸಿಗೆ ಪಾಠ ಮಾಡುತ್ತಾಳೆ, ಇನ್ನೊಬ್ಬಳು ಪ್ರೋಟೀನ್ ಪುಡಿ ಮಾರುವ ಕಂಪನಿಯ ಕಾಲ್ ಸೆಂಟರ್‌ನಲ್ಲಿದ್ದಾಳೆ. ಐದು ವರ್ಷ ಸರ್ಕಾರದ ದುಡ್ಡಲ್ಲಿ ಓದಿಸಿ, ಕೊನೇ ಆರು ತಿಂಗಳಿಗೆ ಕೈಬಿಟ್ಟರೆ ಆ ಐದು ವರ್ಷದ ದುಡ್ಡೂ ನೀರಿಗೆ ಹೋದ ಹಾಗೆಯೇ. ನನಗೆ ಇದರ ಬಗ್ಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ನಾನು ದಾಟಿದ್ದು ನನ್ನದೇ ಒಂದು ದಡ್ಡತನದಿಂದ. ಎಂಎಸ್‌ಸಿಯ ಎರಡೂ ವರ್ಷ ವಿದ್ಯಾಸಿರಿ ಬಂದೇ ಇರಲಿಲ್ಲ. ಪೋರ್ಟಲ್‌ನಲ್ಲಿ ನೋಡಿದರೆ ಹಣ ಜಮಾ ಆಗಿದೆ ಅಂತ ತೋರಿಸುತ್ತದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಇಲಾಖೆಯವರನ್ನು ಬೈದುಕೊಂಡು, ಸೋದರಮಾವನ ಹತ್ತಿರ ಸಾಲ ಮಾಡಿ ಓದು ಮುಗಿಸಿದೆ. ಕೊನೆಗೆ ಗೆಳತಿಯೊಬ್ಬಳು, ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಯಿತು ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಬ್ಯಾಂಕಿನ ಹೆಸರೇ ಬೇರೆ ಇತ್ತು. ಆಧಾರ್ ಮೂಲಕ ಬರುವ ಹಣ ನಾವು ಕೊಟ್ಟ ಖಾತೆ ನಂಬರ್ ನೋಡಿ ಬರುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಕೊನೇ ಬಾರಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ನಮ್ಮೂರಿಗೆ ಯಾರೋ ಕ್ಯಾಂಪ್ ಹಾಕಿದಾಗ ಸುಮ್ನೆ ಒಂದು ಖಾತೆ ಮಾಡಿಸಿದ್ದೆ, ಮರೆತೂಬಿಟ್ಟಿದ್ದೆ. 30,000 ಅಲ್ಲಿ ತಣ್ಣಗೆ ಮಲಗಿತ್ತು. ಸಮಯಕ್ಕೆ ಬಂದಿದ್ದರೆ ಖಂಡಿತ ಖರ್ಚಾಗುತ್ತಿತ್ತು. ಅದರಲ್ಲೇ ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಟಿ, ಶುಲ್ಕ ಕೇಳದ ಬೇರೊಂದು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಕಡಿಮೆ ಬಿದ್ದದ್ದಕ್ಕೆ ಸಂಜೆ ಎರಡು ಮನೆಯಲ್ಲಿ ಟ್ಯೂಷನ್.

ಆ ಆರು ತಿಂಗಳು ಯಾಕೆ ಬೇಕು ಅಂತೀರಾ? ಒಂದೇ ಒಂದು ದಿನದ್ದು ಹೇಳುತ್ತೇನೆ. ಡಯಾಲಿಸಿಸ್ ವಾರ್ಡ್. ರಾಮನಗರದ ಕಡೆಯ ಹಿರಿಯರೊಬ್ಬರು. ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ 6.1. ಐದರ ಆಸುಪಾಸಿನೊಳಗೆ ಇರಬೇಕಾದದ್ದು, ಏರಿದರೆ ಎದೆಬಡಿತವೇ ತಪ್ಪುತ್ತದೆ. ಮಂಚದ ಕೆಳಗೆ ನೋಡಿದರೆ ಖಾಲಿ ಎಳನೀರಿನ ಬುರುಡೆ. "ತಂಪು ಅಲ್ವಾ ಮೇಡಂ, ಅಪ್ಪ ಬೇರೇನೂ ಕುಡೀತಿಲ್ಲ" ಅಂದ ಮಗ. ಎಳನೀರು ತುಂಬ ಪೊಟ್ಯಾಸಿಯಂ ಅಂತ ಹೇಳಿ ನಿಲ್ಲಿಸಿದೆ. ಆಮೇಲೆ ಪುಸ್ತಕದಲ್ಲಿದ್ದದ್ದನ್ನು ಹೇಳಿದೆ: ಸೊಪ್ಪು ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ. ಅವರ ಹೆಂಡತಿ ನನ್ನನ್ನೇ ನೋಡಿದರು. "ಬಸಿದ ನೀರು ಚೆಲ್ಲುದ್ರೆ ಬಸ್ಸಾರು ಯಾವುದ್ರಲ್ಲಿ ಮಾಡದವ್ವ?"

ನಮ್ಮ ಕಡೆ ಬಸ್ಸಾರು ಇಲ್ಲ. ಪುಸ್ತಕದಲ್ಲೂ ಇಲ್ಲ. ಅವರು ಎಸೆಯಬೇಕು ಅಂತ ನಾನು ಹೇಳಿದ ನೀರೇ ಅವರ ಮನೆಯ ಸಾರು. ಸೀನಿಯರ್ ಮೇಡಂ ಬಂದು ಪಕ್ಕದಲ್ಲಿ ಕೂತು, ಮುದ್ದೆಗೆ ಬೇರೆ ಏನು ನಂಚಿಕೊಳ್ಳಬಹುದು, ಎಷ್ಟು ಮುದ್ದೆ, ಬೇಳೆ ಎಷ್ಟು ಅಂತ ಆ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಿದರು. ನಾನು ಬರೆದುಕೊಂಡೆ. ಎಂಎಸ್‌ಸಿಯ ನಾಲ್ಕು ಸೆಮಿಸ್ಟರ್‌ಗಿಂತ ಆ ಅರ್ಧ ಗಂಟೆ ನನಗೆ ಜಾಸ್ತಿ ಕಲಿಸಿತು.

ಪಿಎಚ್‌ಡಿ, ಪಾಠ ಮಾಡುವುದು ಇಷ್ಟ ಅನ್ನುವವರಿಗೆ ದುಡ್ಡಿನ ದಾರಿ ಇದಕ್ಕಿಂತ ಸಲೀಸು. ಕಾಲೇಜಲ್ಲಿ ಪಾಠ ಮಾಡಲು, ಸಂಶೋಧನೆ ಮಾಡಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ನಮ್ಮದು ಹೋಮ್ ಸೈನ್ಸ್ ವಿಷಯದಡಿ ಬರುತ್ತದೆ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಮನೆ ಬಾಡಿಗೆ ಭತ್ಯೆ ಬೇರೆ. ನನ್ನ ಮೊದಲ ಸಂಬಳ 16,000 ಇತ್ತು, ಲೆಕ್ಕ ಹಾಕಿಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಅಪ್ಲೈಡ್ ನ್ಯೂಟ್ರಿಷನ್ ಎಂಎಸ್‌ಸಿಯೂ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು.

ಆಸ್ಪತ್ರೆಯೇ ಬೇಕು ಅನ್ನುವವರು ಎಂಎಸ್‌ಸಿ ಸೇರುವ ಮುಂಚೆ ಒಂದು ಮಾತು ಕೇಳಿ: ಇಂಟರ್ನ್‌ಶಿಪ್ ಕೋರ್ಸಿನೊಳಗೆ ಎಷ್ಟು ದಿನ ಇದೆ? ಒಳಗೇ ಇದ್ದಷ್ಟು ದಿನ ನೀವಿನ್ನೂ ವಿದ್ಯಾರ್ಥಿ, ಸ್ಕಾಲರ್‌ಶಿಪ್ಪೂ ಇರುತ್ತದೆ. ಆಮೇಲೆ ಸ್ಟೈಪೆಂಡ್ ಕೊಡುವ ಆಸ್ಪತ್ರೆ ಯಾವುದು ಅಂತ ಸೀನಿಯರ್‌ಗಳನ್ನು ಮೊದಲ ವರ್ಷದಿಂದಲೇ ಕೇಳಿಕೊಂಡಿರಿ. ಮತ್ತೆ, ಆಗುವುದಾದರೆ, ಬಂದ ದುಡ್ಡಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರ ಪಕ್ಕಕ್ಕಿಡಿ. ಹೇಳಿದಷ್ಟು ಸುಲಭ ಅಲ್ಲ, ಗೊತ್ತು.

ನಿನ್ನೆ ಮೆಸೇಜ್ ಮಾಡಿದ ಕೊಪ್ಪಳದ ತಂಗೀ, ನಿನ್ನ ಪ್ರಶ್ನೆ ಸ್ಕಾಲರ್‌ಶಿಪ್ ಹಣದ ಸ್ಟೇಟಸ್ ಬಗ್ಗೆ ಇತ್ತು. ನಾಳೆ ಸೋಮವಾರ. ಆಧಾರ್ ಕಾರ್ಡ್ ತಗೊಂಡು ಬ್ಯಾಂಕಿಗೆ ಹೋಗಿ, ನಿನ್ನ ಆಧಾರ್ ಎನ್‌ಪಿಸಿಐನಲ್ಲಿ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಕೇಳು. ಹನ್ನೊಂದರ ಒಳಗೆ ಹೋಗು, ಆಮೇಲೆ ರಶ್ ಆಗುತ್ತದೆ.