ಮೈಲುತುತ್ತದೊಳಗಿನ ನೀರು

ಹಳೆಯ ವಿದ್ಯಾರ್ಥಿಗಳ ನೆನಪು ಅಂದರೆ ಗ್ಯಾದರಿಂಗ್, ಕ್ಯಾಂಟೀನ್, ಬಸ್ ಪಾಸ್ ಎಲ್ಲ ಬಂದೇ ಬರುತ್ತವೆ. ಅವನ್ನು ಬೇರೆಯವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ನನಗೆ ಬರೆಯಬೇಕು ಅನ್ನಿಸುವುದು ಒಂದೇ ಪಾಠದ ಬಗ್ಗೆ. ಫಸ್ಟ್ ಪಿಯುಸಿ ಕೆಮಿಸ್ಟ್ರಿಯ ಮೊದಲ ಅಧ್ಯಾಯ: ಮೋಲ್, ಸ್ಟಾಯ್ಕಿಯೋಮೆಟ್ರಿ (ಯಾವುದಕ್ಕೆ ಯಾವುದು ಎಷ್ಟು ಬೇಕು ಅನ್ನುವ ಲೆಕ್ಕ), ಲಿಮಿಟಿಂಗ್ ರಿಯೇಜೆಂಟ್ (ಮೊದಲು ಮುಗಿದು ಕ್ರಿಯೆ ನಿಲ್ಲಿಸುವ ವಸ್ತು).

ಹುಷಾರಿರುವ ಮಕ್ಕಳಿಗೆ ಈ ಅಧ್ಯಾಯ ಬರೀ ಗುಣಾಕಾರ, ಭಾಗಾಕಾರ ಅನ್ನಿಸುತ್ತದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಇಂಗ್ಲಿಷೇ ಅಡ್ಡ ಬರುತ್ತದೆ, ಲೆಕ್ಕ ಆಮೇಲಿನ ಮಾತು. ನಮ್ಮ ಸೆಕ್ಷನ್ನಿನಲ್ಲಿ ಎರಡೂ ಥರದವರಿದ್ದೆವು. ಹೆಚ್ಚಿನವರು ಸಿಇಟಿ ಅಂತ ಹಟ ಹಿಡಿದು ಸೈನ್ಸ್ ತಗೊಂಡವರು. ಸೂತ್ರ ಕೊಟ್ಟರೆ ಉತ್ತರ ತೆಗೆಯುತ್ತಿದ್ದೆವು. ಸೂತ್ರ ಎಲ್ಲಿಂದ ಬಂತು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಕಾಲೇಜು ಶುರುವಾಗುವುದು ಜೂನ್‌ನಲ್ಲಿ. ಶಿರಸಿ ಕಡೆ ಜೂನ್ ಅಂದರೆ ಮಳೆ, ಮಳೆ ಅಂದರೆ ಅಡಿಕೆಗೆ ಕೊಳೆ ರೋಗದ ಹೆದರಿಕೆ. ಮಳೆ ಜೋರಾಗುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀರು, ಹೊಡೆಯಬೇಕು. ಅಡಿಕೆ ಮರ ಹತ್ತುವ ಕೊನೆಗೌಡ ಸಿಕ್ಕ ದಿನವೇ ಮುಹೂರ್ತ. ಅವತ್ತು ತೋಟದ ಮನೆಯ ಹುಡುಗರು ಕ್ಲಾಸಿಗೆ ಚಕ್ಕರ್. ಹಾಗೆ ತಪ್ಪಿಸಿಕೊಂಡು ಮರುದಿನ ಬಂದವನೊಬ್ಬನನ್ನು ಕೆಮಿಸ್ಟ್ರಿ ಸರ್ ಎಬ್ಬಿಸಿ ನಿಲ್ಲಿಸಿದರು.

"ನಿನ್ನೆ ಎಲ್ಲಿ ಹೋಗಿದ್ದೆ ತಮ್ಮಾ?"

"ಮನೇಲಿ ಔಷಧಿ ಹೊಡೆಯೋದಿತ್ತು ಸರ್."

"ನೂರು ಲೀಟರಿಗೆ ಮೈಲುತುತ್ತ ಎಷ್ಟು ಹಾಕ್ತೀರಿ?"

"ಒಂದು ಕೆಜಿ."

"ಸುಣ್ಣ?"

"ಅದೂ ಒಂದು ಕೆಜಿ."

"ಎರಡೂ ಒಂದೊಂದೇ ಕೆಜಿ ಯಾಕೆ?"

"ಅಪ್ಪಯ್ಯ ಹಂಗೇ ಹಾಕೋದು ಸರ್."

ಬೈಗುಳ ಬೀಳುತ್ತದೆ ಅಂದುಕೊಂಡಿದ್ದೆವು. ಸರ್ ಚಾಕ್‌ಪೀಸ್ ಹಿಡಿದು ಬೋರ್ಡಿಗೆ ಹೋದರು. ಪುಸ್ತಕದ ಉದಾಹರಣೆಗಳು ಪುಸ್ತಕದಲ್ಲೇ ಉಳಿದವು.

ಲಿಮಿಟಿಂಗ್ ರಿಯೇಜೆಂಟ್ ಹೇಳುವಾಗ ಸುಮಾರು ಕಡೆ ಸೈಕಲ್ ಉದಾಹರಣೆ ಕೊಡುತ್ತಾರೆ. ಹತ್ತು ಗಾಲಿ, ಏಳು ಫ್ರೇಮ್ ಇದ್ದರೆ ಎಷ್ಟು ಸೈಕಲ್ ಆಗುತ್ತವೆ ಅಂತ. ನಮ್ಮ ಸರ್‌ಗೆ ಅದು ಸೇರುತ್ತಿರಲಿಲ್ಲ. ಗಾಲಿಯನ್ನು ಎಣಿಸಬಹುದು, ಅಷ್ಟಕ್ಕೆ ಕೆಮಿಸ್ಟ್ರಿ ಯಾಕೆ ಬೇಕು ಅನ್ನುತ್ತಿದ್ದರು. ಸಮೀಕರಣ ಮಾತಾಡುವುದು ಎಣಿಕೆಯಲ್ಲಿ, ತಕ್ಕಡಿ ಮಾತಾಡುವುದು ತೂಕದಲ್ಲಿ. ನಡುವೆ ದಾಟಲು ಮೋಲ್ ಬೇಕು. ನಮ್ಮ ಕಾಲಕ್ಕೆ 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು ಕಣ ಅಂದರೆ ಒಂದು ಮೋಲ್. 2019ರ ಮೇ ತಿಂಗಳಿಂದ ಆ ಸಂಖ್ಯೆಯನ್ನೇ ಗಟ್ಟಿ ಮಾಡಿದ್ದಾರೆ: 6.02214076 ಗುಣಿಸು 10ರ 23ನೇ ಘಾತ. ನಮ್ಮ ಬೋರ್ಡೋ ಲೆಕ್ಕಕ್ಕೆ ಇದರಿಂದ ಏನೂ ವ್ಯತ್ಯಾಸವಿಲ್ಲ ಬಿಡಿ.

ಲೆಕ್ಕ ಹೀಗಿತ್ತು. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ಅದರ ನೀಲಿ ಹರಳಿನಲ್ಲಿ ಪ್ರತಿ ಕಾಪರ್ ಸಲ್ಫೇಟಿಗೆ ಐದು ನೀರಿನ ಅಣು ಸೇರಿಕೊಂಡಿರುತ್ತವೆ. ಎಲ್ಲ ಕೂಡಿ ಒಂದು ಮೋಲ್‌ಗೆ 249.5 ಗ್ರಾಂ. ಒಂದು ಕೆಜಿಗೆ ಹತ್ತಿರ ಹತ್ತಿರ 4 ಮೋಲ್. ಅರಳಿದ ಸುಣ್ಣ ಒಂದು ಮೋಲ್‌ಗೆ 74 ಗ್ರಾಂ. ಸರಳ ಸಮೀಕರಣದ ಪ್ರಕಾರ ಒಂದಕ್ಕೆ ಒಂದು ಮೋಲ್ ಸಾಕು. ಅಂದರೆ ಸುಣ್ಣ 300 ಗ್ರಾಂ ಕೂಡ ಬೇಡ. "ನಿಜವಾಗಿ ನಡೆಯೋದು ಇಷ್ಟು ಸರಳ ಇಲ್ಲ, ಇನ್ನೂ ಕಡಿಮೆ ಸುಣ್ಣದಲ್ಲೇ ತಾಮ್ರ ಎಲ್ಲ ತಳಕ್ಕೆ ಕೂರಬಹುದು" ಎಂದು ಸರ್ ಮೊದಲೇ ಹೇಳಿಟ್ಟರು. ಹಾಗಿದ್ದರೆ ಒಂದು ಕೆಜಿ ಹಾಕುವ ಅಪ್ಪಯ್ಯಂದಿರು ದಡ್ಡರಾ? ಉತ್ತರ ಅವತ್ತು ಹೇಳಲಿಲ್ಲ. ಯಾರ ಮನೆಯಲ್ಲಾದರೂ ಹಳೆಯ ಸುಣ್ಣ ಇದ್ದರೆ ತನ್ನಿ ಎಂದರು, ಅಷ್ಟೇ.

ಒಬ್ಬಳು ತಂದಳು. ಹೋದ ಮಳೆಗಾಲದಿಂದ ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ಬಿಚ್ಚಿಕೊಂಡು ಬಿದ್ದಿದ್ದ ಚೀಲದ ಪುಡಿ. ಲ್ಯಾಬ್‌ನಲ್ಲಿ ಮೂರು ಬೀಕರ್ ಇಟ್ಟೆವು. ಮೂರಕ್ಕೂ ಎರಡೂವರೆ ಗ್ರಾಂ ಮೈಲುತುತ್ತ, ಅಂದರೆ ಮೋಲಿನ ನೂರನೇ ಒಂದು ಭಾಗ. ಸುಣ್ಣ ಮಾತ್ರ ಬೇರೆ ಬೇರೆ: 0.3 ಗ್ರಾಂ, 0.74 ಗ್ರಾಂ, 2.5 ಗ್ರಾಂ. ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿದು ಕಲಕಿ, ಒಂದೊಂದರಲ್ಲೂ ಉಜ್ಜಿದ ಮೊಳೆ ಇಳಿಬಿಟ್ಟೆವು. ತೋಟದಲ್ಲಿ ಇದನ್ನೇ ಚೂರಿ ಅದ್ದಿ ನೋಡುತ್ತಾರೆ. ಕಬ್ಬಿಣ ಕೆಂಪಾದರೆ ಬಿಡಿ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ. ಅದನ್ನು ಹಾಗೇ ಹೊಡೆದರೆ ಗಿಡ ಸುಡುತ್ತದೆ.

ಮೊದಲ ಮೊಳೆ ಕೆಂಪಾಯಿತು, ಸರಿ. ಎರಡನೆಯದು ಲೆಕ್ಕಕ್ಕೆ ಸರಿಯಾಗಿ ಹಾಕಿದ್ದು. ಅದರ ತುದಿಗೂ ತೆಳ್ಳಗೆ ಕೆಂಪು ಹತ್ತಿತ್ತು. ಮೂರನೆಯದು ಹೇಗಿತ್ತೋ ಹಾಗೇ ಇತ್ತು. ಸರ್ ಏನೂ ಹೇಳದೆ ಆ ಹಳೆಯ ಸುಣ್ಣದ ಮೇಲೆ ಎರಡು ಹನಿ ಆ್ಯಸಿಡ್ ಹಾಕಿದರು. ಬುಸ್ ಎಂದು ನೊರೆ ಬಂತು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಸುಣ್ಣದ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಟ್ಟಿತ್ತು. ಚೀಲದಲ್ಲಿ ಸುಣ್ಣದ ತೂಕ ಇದೆ, ಕೆಲಸ ಮಾಡುವ ಸುಣ್ಣ ಇಲ್ಲ. ಬೋರ್ಡೋ ಅಳತೆಯಲ್ಲಿ ಜಾಸ್ತಿ ಸುಣ್ಣ ಯಾಕೆ ಅಂತ ಆಗ ಹೊಳೆಯಿತು. ಸುಣ್ಣ ಮಿಕ್ಕರೆ ನಷ್ಟ ಕಡಿಮೆ, ತಾಮ್ರ ಮಿಕ್ಕರೆ ಅಡಿಕೆ ಗೊನೆಗೇ ಪೆಟ್ಟು. ಯಾವುದು ಮೊದಲು ಮುಗಿಯಬೇಕು ಅಂತ ತೋಟದವರು ನಮಗಿಂತ ಮೊದಲೇ ತೀರ್ಮಾನ ಮಾಡಿದ್ದರು.

ಇದರ ಚರಿತ್ರೆಯನ್ನೂ ಸರ್ ಒಂದೆರಡು ಮಾತಿನಲ್ಲಿ ಹೇಳಿದ್ದರು. ದಾರಿ ಬದಿಯ ದ್ರಾಕ್ಷಿ ಕಳವಾಗದಿರಲಿ ಅಂತ ಫ್ರಾನ್ಸಿನ ಬೋರ್ಡೋ ಕಡೆಯ ರೈತರು ಬಳ್ಳಿಗೆ ಈ ಮಿಶ್ರಣ ಎರಚುತ್ತಿದ್ದದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ, 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಮದ್ದು ಎಂದು ಸಾರಿದರು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗದ ಬಗ್ಗೆ ಬರೆದದ್ದು 1910ರಲ್ಲಿ. ಆಗ ನಮ್ಮ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ.

ಆ ಐದು ನೀರಿನ ಅಣುಗಳನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ ಸರ್. ಪಿಂಗಾಣಿ ಬಟ್ಟಲಿನಲ್ಲಿ ಎರಡೂವರೆ ಗ್ರಾಂ ಹರಳು ಹಾಕಿ ಕಾಯಿಸಲು ಹೇಳಿದರು. ಅಂಚಿನಿಂದ ಶುರುವಾಗಿ ನೀಲಿ ಬಣ್ಣ ಹೋಗುತ್ತ ಬಂತು. ಕೊನೆಗೆ ಬೂದು ಬಿಳುಪಿನ ಪುಡಿ ಉಳಿಯಿತು. ಲೆಕ್ಕದ ಪ್ರಕಾರ 0.9 ಗ್ರಾಂ ಕಡಿಮೆಯಾಗಬೇಕು. ಯಾರಿಗೂ ಅಷ್ಟು ಬರಲಿಲ್ಲ. ಕೆಲವರು ಅವಸರಕ್ಕೆ ಪೂರ್ತಿ ಕಾಯಿಸಿರಲಿಲ್ಲ. ಉಳಿದವರದ್ದು ಮಳೆಯ ಕೆಲಸ. ಹಳೆಯ ಎರಡು ತಟ್ಟೆಯ ತಕ್ಕಡಿಯಲ್ಲಿ, ಚಿಮಟದಿಂದ ಮಿಲಿಗ್ರಾಂ ಬಿಲ್ಲೆ ಎತ್ತಿಡುವಷ್ಟರಲ್ಲಿ ಪುಡಿ ಗಾಳಿಯ ತೇವ ಹೀರಿ ಮತ್ತೆ ತಿಳಿ ನೀಲಿಗೆ ತಿರುಗುತ್ತಿತ್ತು. ಬಾಗಿಲು ಕಿಟಕಿ ಹಾಕಿದರೂ ಶಿರಸಿಯ ಜುಲೈ ಒಳಗೇ ಇರುತ್ತದೆ ಅಲ್ವಾ? ತೇವ ತಾಗದಂತೆ ಇಡುವ ಗಾಜಿನ ಪಾತ್ರೆ, ಡೆಸಿಕೇಟರ್, ಯಾಕಿದೆ ಅಂತ ಅವತ್ತು ಯಾರೂ ಕೇಳಬೇಕಾಗಲಿಲ್ಲ.

ಈಗಿನ ಕೋಚಿಂಗ್‌ನಲ್ಲಿ ಈ ಅಧ್ಯಾಯ ಒಂದು ಬೆಳಗ್ಗೆಯಲ್ಲಿ ಮುಗಿಯುತ್ತದಂತೆ. ಶಾರ್ಟ್‌ಕಟ್ ಇರಲಿ, ತಪ್ಪಲ್ಲ. ಆದರೆ ಹುಷಾರು ಮಕ್ಕಳಿಗೇ ಈ ಪಾಠವನ್ನು ನಿಧಾನವಾಗಿ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಲೆಕ್ಕ ಬೇಗ ಬರುವವರು ಏನನ್ನು ತೂಗಿದ್ದೇವೆ ಅಂತ ನೋಡುವುದಿಲ್ಲ.

ಸರ್‌ಗೆ ಅದು ಗೊತ್ತಿತ್ತು. ಮಿಡ್‌ಟರ್ಮ್‌ಗೆ ಹೀಗೆ ಕೇಳಿದರು: ಒಂದು ಕೆಜಿ ನೀಲಿ ಮೈಲುತುತ್ತ, ನೂರಕ್ಕೆ 40ರಷ್ಟು ಮಾತ್ರ ಅರಳಿದ ಸುಣ್ಣ ಇರುವ ಪುಡಿ ಒಂದು ಕೆಜಿ. ಯಾವುದು ಮೊದಲು ಮುಗಿಯುತ್ತದೆ? ಸುಣ್ಣ 400 ಗ್ರಾಂ, 5.4 ಮೋಲ್. ಮೈಲುತುತ್ತ 4 ಮೋಲ್. ತಾಮ್ರ ಮುಗಿಯುತ್ತದೆ, ಸುಣ್ಣ ಸುಮಾರು 103 ಗ್ರಾಂ ಉಳಿಯುತ್ತದೆ. ಅರ್ಧ ಕ್ಲಾಸು ನೀರು ಬಿಟ್ಟು 159.5ರಿಂದ ಭಾಗಿಸಿತ್ತು. ಆಗ ಮೈಲುತುತ್ತ 6 ಮೋಲ್ ದಾಟುತ್ತದೆ, ಉತ್ತರ ಪೂರ್ತಿ ಉಲ್ಟಾ. ಸುಣ್ಣವೇ ಮೊದಲು ಮುಗಿದು ತಾಮ್ರ ಉಳಿಯುತ್ತದೆ.

ಫಸ್ಟ್ ಬರುವ ಹುಡುಗಿ ಪೇಪರ್ ಹಿಡಿದುಕೊಂಡು ಸ್ಟಾಫ್ ರೂಮಿಗೇ ಹೋದಳು. ಹಿಂದೆ ನಾವೂ ಸುಮ್ನೆ ಹೋದೆವು.

"ನೀರು ಸೇರಿಸಿ ಅಂತ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ ಸರ್."

"ನೀಲಿ ಅಂತ ಬರೆದಿದ್ದೆನಲ್ಲ ತಂಗೀ. ನೀರಿಲ್ಲದ್ದು ಯಾವ ಬಣ್ಣ ಇತ್ತು, ನೀನೇ ಕಾಯಿಸಿದ್ದೆ ಹೌದಾ?"

ಹಂತಗಳಿಗೆ ಮೂರು ಅಂಕ ಕೊಟ್ಟಿದ್ದರು, ಎರಡು ಕೊಡಲಿಲ್ಲ. ಮರುವರ್ಷ ಸೆಕೆಂಡ್ ಪಿಯುಸಿ ಪ್ರಾಕ್ಟಿಕಲ್‌ಗೆ ಮೋಹರ್ ಸಾಲ್ಟ್ ಅನ್ನುವ ಕಬ್ಬಿಣದ ಲವಣ ಬಂತು. ಅದರಲ್ಲಿ ಆರು ನೀರು, ಮೋಲ್‌ಗೆ 392 ಗ್ರಾಂ. ತೂಗುವ ಮೊದಲು ಬಾಟಲಿಯ ಚೀಟಿ ಓದಲು ತಕ್ಕಡಿಯ ಹತ್ತಿರ ಸಾಲೇ ನಿಂತಿತ್ತು. ಅವಳು ಎಲ್ಲರಿಗಿಂತ ಮುಂದೆ.