4 ಇಂಚಿನ ತ್ರಿಕೋನಕ್ಕೆ 4½ ಇಂಚಿನ ಬಟ್ಟೆ ಯಾಕೆ ಸಾಲಲಿಲ್ಲ

ಕ್ವಿಲ್ಟ್, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಮಾಡುವ ಹೊದಿಕೆ, ಹೊಲಿಯುವ ಕೆಲಸಕ್ಕೆ ಸೇರಿದ ಮೊದಲ ವರ್ಷ, 20 ಬ್ಲಾಕ್‌ಗಳ ಒಂದು ಕ್ವಿಲ್ಟಿಗೆ ಬಟ್ಟೆ ಕತ್ತರಿಸುವುದು ನನ್ನ ಪಾಲಿಗೆ ಬಂತು. ಸರಳವಾದ ನಕ್ಷತ್ರದ ಡಿಸೈನ್. ಒಂದು ಬ್ಲಾಕ್, ಅಂದರೆ ಡಿಸೈನ್ ಕೂರುವ ಒಂದು ಚೌಕ, 12 ಇಂಚು. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಮನೆಗಳು. ಐದು ಮನೆಗಳಲ್ಲಿ ಸಾದಾ ಚೌಕ. ಉಳಿದ ನಾಲ್ಕರಲ್ಲಿ ಎರಡು ಬಣ್ಣದ ತ್ರಿಕೋನಗಳು ಜೋಡಿಯಾಗಿ ಕೂರುತ್ತವೆ.

12ನ್ನು ಮೂರು ಪಾಲು ಮಾಡಿದರೆ ಮನೆಗೆ 4 ಇಂಚು. ಪ್ರತಿ ಬದಿಗೂ ಹೊಲಿಗೆಗೆ ಕಾಲು ಇಂಚು ಬಿಡಬೇಕು. ಅಂದರೆ 4½ ಇಂಚಿನ ಚೌಕ. ಇಷ್ಟು ನನಗೆ ಗೊತ್ತಿತ್ತು. ತ್ರಿಕೋನಕ್ಕೂ ಅದೇ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಆಯ್ತಲ್ಲ ಅಂದುಕೊಂಡೆ. ಬ್ಲಾಕಿಗೆ ನಾಲ್ಕರಂತೆ 80 ಚೌಕಗಳನ್ನು ಅದೇ ಅಳತೆಗೆ ಕತ್ತರಿಸಿ, ಎಲ್ಲವನ್ನೂ ಅರ್ಧ ಮಾಡಿಟ್ಟೆ.

ಮೊದಲ ಜೋಡಿ ಹೊಲಿದು, ಇಸ್ತ್ರಿ ಮಾಡಿ ಅಳೆದೆ. 4⅛ ಇಂಚು ಬಂತು. ಪಕ್ಕದಲ್ಲಿ ಕೂರಬೇಕಾದ ಚೌಕ 4½ ಇದೆ. ನನ್ನ ಹೊಲಿಗೆಯೇ ಸರಿಯಿಲ್ಲ ಅಂತ ಬಿಚ್ಚಿ ಮತ್ತೆ ಹೊಲಿದೆ. ಮತ್ತೆ 4⅛.

ನಾವೆಲ್ಲ ಅಕ್ಕ ಅಂತ ಕರೆಯುತ್ತಿದ್ದ ಹಿರಿಯರೊಬ್ಬರು ಬಂದು ನೋಡಿದರು. ಬೈಯಲಿಲ್ಲ. ಗ್ರಾಫ್ ಹಾಳೆ, ಪೆನ್ಸಿಲ್ ಕೊಟ್ಟು, "ಹೊಲಿದಾದ ಮೇಲೆ ಎಷ್ಟು ಕಾಣಬೇಕೋ ಅಷ್ಟೇ ತ್ರಿಕೋನ ಬರಿ. ಆಮೇಲೆ ಮೂರೂ ಬದಿಗೆ ಕಾಲು ಇಂಚು ಬಿಟ್ಟು ಹೊರಗೊಂದು ಗೆರೆ ಎಳಿ" ಅಂದರು.

ಎಳೆದೆ. ನೇರ ಮೂಲೆಯಲ್ಲಿ ಹೊರಗಿನ ಗೆರೆಗಳು ಕಾಲು ಇಂಚು ಆಚೆಗೇ ಸೇರಿದವು. ಮೊನಚು ಮೂಲೆಯಲ್ಲಿ ಹಾಗಾಗಲಿಲ್ಲ. ಅಲ್ಲಿ ಗೆರೆಗಳು ಓರೆಯಾಗಿ ಸಾಗಿ, 0.6 ಇಂಚಿನಷ್ಟು ಆಚೆ ಹೋಗಿ ಕೂಡಿದವು. ಕಾಲು ಇಂಚು ಮತ್ತು 0.6 ಸೇರಿದರೆ ಸುಮಾರು 0.85. ಸ್ಕೇಲಿನ ಮೇಲೆ ಅದಕ್ಕೆ ಹತ್ತಿರದ ಗೆರೆ ⅞. ಹಾಗಾಗಿ 4 ಇಂಚಿನ ಮನೆಗೆ ತ್ರಿಕೋನ ಬೇಕಾದರೆ 4⅞ ಇಂಚಿನ ಚೌಕ ಕತ್ತರಿಸಿ ಅರ್ಧ ಮಾಡಬೇಕು. ನಾನು ಬಿಟ್ಟದ್ದು ಬರೀ ½. ಹೋದದ್ದು ಸರಿಯಾಗಿ ಆ ⅜ ಇಂಚು. ಎಷ್ಟೋ ಕಡೆ "⅞ ಸೇರಿಸಿ" ಅಂತ ಸುಮ್ನೆ ಹೇಳಿಬಿಡುತ್ತಾರೆ. ಅದು ಎಲ್ಲಿಂದ ಬಂತು ಅಂತ ಕಣ್ಣಾರೆ ಕಂಡಿದ್ದರಿಂದ ನಾನು ಇವತ್ತಿಗೂ ಮರೆತಿಲ್ಲ.

ಕತ್ತರಿಸಿದ ಬಟ್ಟೆಯನ್ನು ಅಕ್ಕ ಎಸೆಯಲು ಬಿಡಲಿಲ್ಲ. ಸಾದಾ ಚೌಕಗಳನ್ನೂ 4⅛ಕ್ಕೆ ಇಳಿಸಿದೆವು. ಹೊಲಿದ ಮೇಲೆ ಒಂದೊಂದು ಮನೆ 3⅝, ಬ್ಲಾಕ್ 10⅞ ಇಂಚು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು ಬ್ಲಾಕ್ ಇಟ್ಟರೆ 48ಕ್ಕೆ 60 ಇಂಚು ಬರಬೇಕಿತ್ತು. ಕೊರತೆ ತುಂಬಲು ಬ್ಲಾಕ್‌ಗಳ ನಡುವೆಯೂ ಸುತ್ತಲೂ ಪಟ್ಟಿ ಕೊಟ್ಟೆವು. ಪಟ್ಟಿಯನ್ನು 1⅝ ಅಗಲ ಕತ್ತರಿಸಿದರೆ ಹೊಲಿದಾಗ 1⅛ ಉಳಿಯುತ್ತದೆ. ಕೊನೆಗೆ 49⅛ಕ್ಕೆ 61⅛ ಆಯ್ತು. ಪಟ್ಟಿ ಹಾಕುವ ಮುಂಚೆಯೇ ಗ್ರಾಹಕರನ್ನು ಕೇಳಿದ್ದೆವು, ಅವರು ಒಪ್ಪಿದ್ದರು.

ಇನ್ನೊಂದು ಬಗೆಯ ತ್ರಿಕೋನವಿದೆ. ಚೌಕವನ್ನು ಎರಡೂ ಕಡೆಯಿಂದ ಓರೆಯಾಗಿ ಕತ್ತರಿಸಿ ನಾಲ್ಕು ಮಾಡುವುದು. ಇಲ್ಲಿ ಲೆಕ್ಕ ಹಿಡಿಯುವುದು ಉದ್ದನೆಯ ಬದಿಯಿಂದ. ಅದರ ಎರಡೂ ತುದಿ ಮೊನಚು, ಹಾಗಾಗಿ ಸೇರಿಸಬೇಕಾದದ್ದು 1¼ ಇಂಚು. ಉದ್ದನೆಯ ಬದಿ ಹೊರ ಅಂಚಿಗೆ ಬರುವ ಕಡೆ ಇದೇ ಬೇಕು, ಯಾಕಂದರೆ ಆಗ ಆ ಅಂಚು ಬಟ್ಟೆಯ ನೇರ ಎಳೆಯ ಮೇಲಿರುತ್ತದೆ. ಎಳೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಅಂಚು ಹೊರಗೆ ಬಂದರೆ ಎಳೆದಂತೆಲ್ಲ ಹಿಗ್ಗಿ, ಕ್ವಿಲ್ಟ್ ಅಂಚು ಅಲೆಅಲೆಯಾಗುತ್ತದೆ. ಬ್ಲಾಕ್‌ಗಳನ್ನು ಓರೆಯಾಗಿ ನಿಲ್ಲಿಸಿದಾಗ ಬದಿಗಳಲ್ಲಿ ತುಂಬುವ ತ್ರಿಕೋನಗಳು ಇಂಥವೇ. 12 ಇಂಚಿನ ಬ್ಲಾಕ್ ಆದರೆ 12ನ್ನು 1.414ರಿಂದ ಗುಣಿಸಿ, 1¼ ಸೇರಿಸಿ, 18¼ ಇಂಚಿನ ಚೌಕ ತೆಗೆದುಕೊಳ್ಳಬೇಕು. ನಾಲ್ಕು ಮೂಲೆಗಳದ್ದು ಬೇರೆ ಲೆಕ್ಕ. ಅಲ್ಲಿ 1.414ರಿಂದ ಭಾಗಿಸಿ ⅞ ಸೇರಿಸಬೇಕು. 9⅜ ಬರುತ್ತದೆ. ಅದನ್ನು ಅರ್ಧ ಮಾಡಿದರೆ ಸಾಕು.

ಲೆಕ್ಕ ಸರಿಯಿದ್ದರೂ ಹೊಲಿಗೆಯಲ್ಲಿ ತಪ್ಪುವುದುಂಟು. ಬಟ್ಟೆ ಮಡಿಸಿ ಇಸ್ತ್ರಿ ಮಾಡಿದಾಗ ಆ ಮಡಿಕೆಯೂ ಚೂರು ಜಾಗ ತಿನ್ನುತ್ತದೆ, ದಾರವೂ ತಿನ್ನುತ್ತದೆ. ಅದಕ್ಕೆ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಒಳಗೆ ಅಲ್ಲ, ಅಂಚಿನ ಕಡೆಗೆ ಹೊಲಿಯಬೇಕು. ಹೊಸ ಮೆಷಿನ್ ಮುಂದೆ ಕೂತಾಗೆಲ್ಲ ನಾನು 1½ ಇಂಚಿನ ಮೂರು ಪಟ್ಟಿ ಜೋಡಿಸಿ ನೋಡುತ್ತೇನೆ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬರಬೇಕು. ಒಂದು ಹೊಲಿಗೆಗೆ ಸಾಲಿನ ಉದ್ದದಲ್ಲಿ ಒಟ್ಟು ಬರೀ 1/16 ಇಂಚು ತಪ್ಪಿದರೂ, ಎಂಟು ತುಂಡುಗಳ ಸಾಲಿನಲ್ಲಿ ಏಳು ಹೊಲಿಗೆ ಇರುತ್ತವೆ ಅಲ್ವಾ? ಅರ್ಧ ಇಂಚಿನ ಹತ್ತಿರ ಹೋಯಿತು.

ಈಗ ಎಷ್ಟೇ ಅವಸರವಿದ್ದರೂ ಮೊದಲು ಒಂದೇ ಬ್ಲಾಕಿಗೆ ಬಟ್ಟೆ ಕತ್ತರಿಸುತ್ತೇನೆ. ಹೊಲಿದು, ಇಸ್ತ್ರಿ ಮಾಡಿ, ಸ್ಕೇಲ್ ಇಟ್ಟು ನೋಡುತ್ತೇನೆ. ಸುತ್ತಲಿನ ಹೊಲಿಗೆಗೆ ಬಿಟ್ಟ ಅಂಚೂ ಸೇರಿ 12½ ಇಂಚು ಬಂದರೆ ಮಾತ್ರ ಉಳಿದ ಬಟ್ಟೆಗೆ ಕತ್ತರಿ.